ಭಾವನ ಬೋರ್ಡುಗಳು

ನಮ್ಮ ಭಾವನಿಗೆ ದೇವರು ಬಾಯಿ ಕೊಟ್ಟಿರುವುದು ಊಟ ಮಾಡುವುದಕ್ಕೆ ಮಾತ್ರ. ಮಾತಿಗೆ ಅವರು ಬೋರ್ಡ್ ಬಳಸುತ್ತಾರೆ! ನಗಬೇಡಿ, ನೀವೂ ಒಂದು ಸಲ ಅವರ ಮನೆಯ ಸೋಫಾದ ಮೇಲೆ ಕೂತು ನೋಡಿ. ತಲೆಯ ಹಿಂದೆ ನೀಲಿ ಅಕ್ಷರದಲ್ಲಿ ಹೀಗೆ ಬರೆದಿದೆ: 'ಎಣ್ಣೆ ಹಚ್ಚಿದ ತಲೆಯನ್ನು ಗೋಡೆಗೆ ಒರಗಿಸಬೇಡಿ.'

"ಭಾವ, ಇದು ನನಗೇ ಬರೆದಿದ್ದಾ?" ಅಂತ ಒಮ್ಮೆ ಜಗಳಕ್ಕೆ ನಿಂತೆ.

"ಛೇ, ಸಾರ್ವಜನಿಕರಿಗೆ."

"ಈ ಮನೆಗೆ ಬರೋ ಸಾರ್ವಜನಿಕರು ನಾನೊಬ್ಬಳೇ!"

ಭಾವ ಅಂದರೆ ನನ್ನ ಒಡಹುಟ್ಟಿದ ಅಕ್ಕನ ಗಂಡ. ತಿಪಟೂರಿನ ಕಡೆಯವರು. ಹರೆಯದಲ್ಲೇ ನೌಕಾಪಡೆ ಸೇರಿ, ಊರೂರು ಸುತ್ತಿ, ಕೊನೆಗೆ ವಿಶಾಖಪಟ್ಟಣದಲ್ಲೇ ನಿವೃತ್ತರಾಗಿ ಅಲ್ಲಿನ ಮಧುರವಾಡ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲೆಸಿದ್ದಾರೆ. ನಾನು ವಿಜಯವಾಡದ ತೆಲುಗು ಮನೆಯ ಸೊಸೆ. ಬೆಳಗಿನ ರೈಲು ಹತ್ತಿದರೆ ಮಧ್ಯಾಹ್ನದ ಊಟ ಅಕ್ಕನ ಮನೆಯಲ್ಲಿ. ಹಾಗಾಗಿ ಈ ಮನುಷ್ಯನ ಅವಾಂತರಗಳಿಗೆಲ್ಲ ನಾನೇ ಪ್ರತ್ಯಕ್ಷ ಸಾಕ್ಷಿ.

ಹಡಗಿನಲ್ಲಿ ಯಾವ ಬಾಗಿಲು ಎಲ್ಲಿಗೆ ಹೋಗುತ್ತದೆ, ಯಾವ ಪೈಪಿನಲ್ಲಿ ಏನು ಹರಿಯುತ್ತದೆ ಎಂದು ಬಣ್ಣದಲ್ಲಿ ಬರೆಯುವ ಕೆಲಸ ಬಹಳ ವರ್ಷ ಅವರ ಪಾಲಿಗಿತ್ತಂತೆ. ಹಡಗು ಬಿಟ್ಟು ಬಂದರು, ಬ್ರಷ್ ಮಾತ್ರ ಬಿಡಲಿಲ್ಲ. ಫ್ರಿಜ್ಜಿನ ಮೇಲೆ 'ಏನು ಬೇಕೆಂದು ಯೋಚಿಸಿ ಬಾಗಿಲು ತೆಗೆಯಿರಿ'. ಬಚ್ಚಲಿನಲ್ಲಿ 'ಎಡಕ್ಕೆ ತಿರುಗಿಸಿದರೆ ಬಿಸಿನೀರು, ಸ್ವಲ್ಪ ತಾಳಿ'. ಅಕ್ಕನ ಗೋಳು ಇನ್ನೂ ಹಳೆಯದು. ಮದುವೆಯಾದ ಹೊಸದರಲ್ಲಿ ವಿಶಾಖಪಟ್ಟಣಕ್ಕೆ ಅವಳನ್ನು ಕರೆಸಿಕೊಂಡರಲ್ಲ, ಆ ಕಾಗದದಲ್ಲಿ ಯಾವ ಬೋಗಿ, ಇಳಿದ ಮೇಲೆ ಎಡಕ್ಕೋ ಬಲಕ್ಕೋ, ಎಲ್ಲಾ ಬಾಣದ ಗುರುತು ಹಾಕಿ ಬರೆದಿದ್ದರಂತೆ. "ಬಾ ಅಂತ ಒಂದಕ್ಷರ ಇರ್ಲಿಲ್ಲ ಕಣೇ! ನಾನೇ ನಾಚಿಕೆ ಬಿಟ್ಟು ಬಂದೆ" ಅನ್ನುತ್ತಾಳೆ. ಈಗ ನಗುತ್ತಾ ಹೇಳುತ್ತಾಳೆ, ಅದು ಬೇರೆ ಮಾತು.

ಇಂಥವರಿಗೆ ಒಂದು ಲೈಬ್ರರಿ ಸಿಕ್ಕಿಬಿಟ್ಟರೆ ಏನಾಗಬೇಡ!

ಸಿಕ್ಕಿತು. ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಜನರೇಟರಿನ ಪಕ್ಕ ಒಂದು ಖಾಲಿ ಕೋಣೆ ಇತ್ತು. ಭಾವ ನಿವಾಸಿಗಳ ಸಂಘದ ಸೆಕ್ರೆಟರಿಯ ಬೆನ್ನು ಬಿದ್ದು ಅದನ್ನು ಗಿಟ್ಟಿಸಿಕೊಂಡರು. ಮನೆಮನೆಯಿಂದ ಹಳೆಯ ತೆಲುಗು, ಇಂಗ್ಲಿಷ್ ಪುಸ್ತಕ ಕೂಡಿಸಿದರು. ತಮ್ಮ ಟ್ರಂಕಿನಲ್ಲಿ ಹಡಗು ಸುತ್ತಿ ಬಂದ ಕನ್ನಡ ಪುಸ್ತಕಗಳಿಗೆ ಒಂದು ಅಡ್ಡಹಲಗೆ. ಸೆಕ್ರೆಟರಿ ಮಾತ್ರ ಖಡಾಖಂಡಿತವಾಗಿ ಹೇಳಿದ್ದರು: ಯುಗಾದಿಯವರೆಗೆ ನೋಡೋಣ, ಯಾರೂ ಬರದಿದ್ದರೆ ಅಲ್ಲಿ ಜಿಮ್ ಮಾಡುತ್ತೇವೆ. ನಾನು ಸುಮ್ಮನಿರಲಾರದೆ, "ಹೋಗ್ಲಿ ಬಿಡಿ ಭಾವ, ನಿಮಗೂ ವ್ಯಾಯಾಮ ಆಗುತ್ತೆ" ಅಂದೆ. ಅವರು ನಗಲಿಲ್ಲ. "ಸಮುದ್ರದ ಮೇಲೆ ತಿಂಗಳುಗಟ್ಟಲೆ ಇದ್ದಾಗ ನನ್ನ ಉಳಿಸಿದ್ದು ಒಂದು ಬೀರು ಪುಸ್ತಕ ಕಣಮ್ಮ. ಇಲ್ಲಿ ಎಷ್ಟು ಜನ ಹಾಗೇ ಒಬ್ಬೊಬ್ಬರೇ ಕೂತಿದ್ದಾರೋ" ಅಂದರು. ಒಂದೇ ಉಸಿರಿಗೆ ಇಷ್ಟು ಮಾತು ಅವರ ಬಾಯಿಂದ ಬಂದಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಇನ್ನು ತಮಾಷೆ ಮಾಡಬಾರದು ಅಂದುಕೊಂಡೆ.

ಆದರೆ ಅವರು ಬರೆದ ಬೋರ್ಡುಗಳನ್ನು ನೋಡಿದ ಮೇಲೆ ಆ ನಿರ್ಧಾರ ನಿಲ್ಲಲಿಲ್ಲ. ಬಾಗಿಲ ಮೇಲೆ 'ನಿಶ್ಶಬ್ದ!' ಅದರ ಕೆಳಗೆ 'ಚಪ್ಪಲಿ ಹೊರಗೆ.' ಅದರ ಕೆಳಗೆ 'ಕೈ ತೊಳೆಯದೆ ಮುಟ್ಟಬಾರದು.' ಅದರ ಕೆಳಗೆ 'ತಿಂಡಿ, ಕಾಫಿ ಒಳಗೆ ತರಬಾರದು.' ಎಲ್ಲಕ್ಕಿಂತ ಕೆಳಗೆ, ಕೆಂಪು ಬಣ್ಣದಲ್ಲಿ, 'ಕಾರಣವಿಲ್ಲದೆ ಒಳಗೆ ಬರಬಾರದು.' ಇಷ್ಟೂ ಮೂರು ಭಾಷೆಗಳಲ್ಲಿ!

"ಭಾವ, ಇದು ಲೈಬ್ರರಿಯೋ, ಮದ್ದುಗುಂಡಿನ ಉಗ್ರಾಣವೋ?"

"ಸ್ಪಷ್ಟವಾಗಿದೆಯೋ ಇಲ್ಲವೋ ಹೇಳು."

ಸ್ಪಷ್ಟವಾಗಿತ್ತು. ಮೊದಲ ದಿನ ಮೂರನೇ ಮಹಡಿಯ ವೃದ್ಧರೊಬ್ಬರು ಬಂದು ಕನ್ನಡಕ ಸರಿಮಾಡಿಕೊಂಡು ಬಾಗಿಲಲ್ಲೇ ನಿಂತು ಎಲ್ಲ ಬೋರ್ಡುಗಳನ್ನೂ ಓದಿದರು. ತೆಲುಗಿನದು ಓದಿದರು, ಇಂಗ್ಲಿಷಿನದು ಓದಿದರು, ಕನ್ನಡದ್ದನ್ನೂ ತಡವರಿಸಿ ಓದಿದರು. "ಚಾಲಾ ಬಾಗುಂದಂಡಿ" ಎಂದು ಮೆಚ್ಚಿ ಕೈಮುಗಿದು ಹೊರಟೇಹೋದರು. ಅವರ ಆ ದಿನದ ಓದು ಅಲ್ಲಿಗೆ ಮುಗಿದಿತ್ತು.

ಆ ನಿಯಮಗಳನ್ನು ಚಾಚೂ ತಪ್ಪದೆ ಪಾಲಿಸಿದವಳು ನಮ್ಮಕ್ಕ ಒಬ್ಬಳೇ. ದಿನಾ ಸಾಯಂಕಾಲ ಫ್ಲಾಸ್ಕ್ ಹಿಡಿದು ಹೊಸ್ತಿಲಾಚೆ ನಿಂತು "ರೀ, ಕಾಫಿ!" ಎಂದು ಕೂಗುತ್ತಿದ್ದಳು. ಭಾವ ಎದ್ದು ಹೊರಗೆ ಬಂದು, ಜನರೇಟರಿನ ಪಕ್ಕ ನಿಂತು ಕುಡಿದು, ಲೋಟ ಕೊಟ್ಟು ಒಳಗೆ ಹೋಗುತ್ತಿದ್ದರು. ಅವಳು ಮೇಲೆ ಹೋಗುತ್ತಿದ್ದಳು. ಒಳಗೆ ಒಂದು ಹುಳವೂ ಇಲ್ಲ, ಆದರೂ ನಿಯಮ ಅಂದರೆ ನಿಯಮ!

"ಭಾವ, ಬೋರ್ಡ್ ಅಂದ್ರೆ ಕರೀಬೇಕು, ಅಟ್ಟಬಾರದು. ವಿಜಯವಾಡಕ್ಕೆ ಬನ್ನಿ, ನಮ್ಮ ಬಸ್ ಸ್ಟ್ಯಾಂಡ್ ನೋಡಿ. ಅಷ್ಟು ಜನಕ್ಕೆ ದಾರಿ ತೋರಿಸ್ತಾರೆ, ಯಾರಾದ್ರೂ ಗದರಿಸ್ತಾರಾ?" ಅಂತ ಬಾಯಿ ತಪ್ಪಿ ಹೇಳಿದೆ. ಸರಿ, ಮರುವಾರವೇ ಅಳತೆಯ ಟೇಪ್ ಸಮೇತ ನಮ್ಮ ಮನೆಯಲ್ಲಿ ಹಾಜರ್!

ಬೆಳಿಗ್ಗೆ ತಿಂಡಿ ತಿಂದು ಬಸ್ ಸ್ಟ್ಯಾಂಡಿಗೆ ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಫೋನ್ ಬಂತು, ಪೊಲೀಸಿನವರದ್ದು. ನಾನೂ ನಮ್ಮ ಯಜಮಾನರೂ ಆಟೋ ಹತ್ತಿ ಓಡಿದೆವು. ಆಗಿದ್ದಿಷ್ಟೇ: ಮಹಾನುಭಾವರು ಮಹಿಳೆಯರ ವಿಶ್ರಾಂತಿ ಕೋಣೆಯ ಬಾಗಿಲಲ್ಲಿ ಬೆಂಚು ಹತ್ತಿ, ಮೇಲಿನ ಬೋರ್ಡಿನ ಅಕ್ಷರಗಳ ಎತ್ತರ ಅಳೆಯುತ್ತಿದ್ದರು!

ಪುಣ್ಯಕ್ಕೆ ಕಾನ್‌ಸ್ಟೇಬಲ್ ಒಳ್ಳೆಯವನು. ಕುರ್ಚಿ ಹಾಕಿ ಕೂರಿಸಿ ಟೀ ತರಿಸಿದ್ದ. ಲೈಬ್ರರಿಯ ಕಥೆ ಕೇಳಿ, "ಬೋರ್ಡುಲು ಬಾಗಾನೇ ಉನ್ನಾಯಿ ಸಾರ್, ಕಾನೀ ಅಂದರೂ ನನ್ನೇ ಅಡುಗುತಾರು" ಎಂದ. ಬೋರ್ಡೇನೋ ಚೆನ್ನಾಗಿಯೇ ಇದೆ, ಆದರೂ ಎಲ್ಲರೂ ಕೇಳುವುದು ತನ್ನನ್ನೇ ಎಂದು ಅವನ ಅಳಲು. ಅವನು ಹೇಳಿ ಬಾಯಿ ಮುಚ್ಚಿರಲಿಲ್ಲ, ಒಬ್ಬ ಹೆಂಗಸು ಮಗು ಎತ್ತಿಕೊಂಡು ಬಂದು, 'ಗುಂಟೂರು' ಎಂಬ ದೊಡ್ಡ ಬೋರ್ಡಿನ ಕೆಳಗೇ ನಿಂತು, ಗುಂಟೂರು ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಅವನನ್ನೇ ಕೇಳಿದಳು.

"ತಲೆ ಮೇಲೇ ಇದೆಯಲ್ಲಮ್ಮಾ!" ಎಂದು ಭಾವ ಕನ್ನಡದಲ್ಲೇ ಕೂಗಿಕೊಂಡರು. ಆಕೆ ತಲೆ ಮುಟ್ಟಿ ನೋಡಿಕೊಂಡಳು, ಪಾಪ.

ಆದರೂ ಭಾವ ಮಧುರವಾಡಕ್ಕೆ ಮರಳಿ, ಹಳೆಯ ಬೋರ್ಡುಗಳನ್ನೆಲ್ಲ ಕಿತ್ತು ಹೊಸದಾಗಿ ಬರೆದರು. ತೆಲುಗು ಬರೆದುಕೊಟ್ಟವರು ನಮ್ಮ ಯಜಮಾನರು. ಸುಳ್ಳೇಕೆ ಹೇಳಲಿ, ನೋಡಿದರೆ ಕಣ್ಣು ತಂಪಾಗಬೇಕು, ಹಾಗಿದ್ದವು! ಹಳದಿ ಹಲಗೆ, ನೀಲಿ ಅಕ್ಷರ, ಮಕ್ಕಳಿಗೆ ಮಕ್ಕಳ ಕಣ್ಣಿನ ಎತ್ತರಕ್ಕೆ. 'ಚಪ್ಪಲಿ ಇಲ್ಲಿ ಬಿಡಿ, ನಾವು ನೋಡಿಕೊಳ್ಳುತ್ತೇವೆ.' 'ಮೆಲ್ಲಗೆ ಮಾತಾಡಿ, ಪಕ್ಕದವರ ಕಥೆಯಲ್ಲಿ ಕೊಲೆಗಾರ ಇನ್ನೇನು ಸಿಗಲಿದ್ದಾನೆ.' ಕಪಾಟುಗಳಿಗೆ 'ನಗಿಸುವ ಪುಸ್ತಕ', 'ಅಳಿಸುವ ಪುಸ್ತಕ', 'ನಿದ್ದೆ ಬರಿಸುವ ಪುಸ್ತಕ'. ಹೊರಗೆ ಹೋಗುವ ಕಡೆ 'ಹೊರಕ್ಕೆ' ಎಂದು ಬರೆಯಲು ಮನಸ್ಸಾಗದೆ 'ಹೋಗಿ ಬನ್ನಿ' ಎಂದು ಬರೆದಿದ್ದರು. ಗೇಟಿನಿಂದ ಬಾಗಿಲವರೆಗೆ ದಾರಿಯುದ್ದಕ್ಕೂ ಬಾಣಗಳು: 'ಬನ್ನಿ', 'ಹೀಗೆ ಬನ್ನಿ', 'ಬಂದೇಬಿಟ್ಟಿರಿ!' ತಿಂಡಿ-ಕಾಫಿಯ ಬೋರ್ಡ್ ಒಂದನ್ನು ಮಾತ್ರ ತೆಗೆಯಲಿಲ್ಲ. "ಪುಸ್ತಕಕ್ಕೆ ಇರುವೆ ಹತ್ತುತ್ತೆ" ಎಂದು ಹಟ.

ಜನ ಬಂದರು ಸ್ವಾಮೀ! ಬಾಣ ನೋಡಿಕೊಂಡು ಸೀದಾ ಬಂದರು. ಯಾರು? ಕೊರಿಯರಿನವರು! ಇಷ್ಟು ಅಚ್ಚುಕಟ್ಟಾಗಿ ದಾರಿ ತೋರಿಸಿ ಬನ್ನಿ ಬನ್ನಿ ಎನ್ನುವ ಜಾಗ ಇಡೀ ಮಧುರವಾಡದಲ್ಲಿ ಅವರಿಗೆ ಇನ್ನೆಲ್ಲಿ ಸಿಗಬೇಕು? ಇಡೀ ಅಪಾರ್ಟ್‌ಮೆಂಟಿನ ಪಾರ್ಸೆಲ್ಲುಗಳು ಭಾವನ ಮೇಜಿನ ಮೇಲೆ ಗುಡ್ಡೆ ಬಿದ್ದವು. ಜನ ಓಡಿ ಬಂದು, ಮಿಕ್ಸಿ, ಸೀರೆ, ಬೂಟು ಎತ್ತಿಕೊಂಡು, 'ಹೋಗಿ ಬನ್ನಿ'ಯ ಕೆಳಗೆ ಹಾದು ಹೋದರು. ಒಬ್ಬರಾದರೂ ಒಂದು ಪುಸ್ತಕ ಮುಟ್ಟಬೇಕಲ್ಲ! ಯುಗಾದಿ ಬೇರೆ ಹತ್ತಿರ ಬರುತ್ತಿತ್ತು.

ಆ ವಾರ ನಾನು ಅಲ್ಲೇ ಇದ್ದೆ. ಭಾವ ಮೇಲೆ ಬಂದು ಧೊಪ್ಪನೆ ಕುರ್ಚಿಯಲ್ಲಿ ಕೂತರು. ಮುಖ ಬಾಡಿತ್ತು. "ಇನ್ನೇನು ಬರೀಲಿ ಹೇಳು. ಇಷ್ಟು ಸ್ಪಷ್ಟವಾಗಿ ಬನ್ನಿ ಅಂದರೂ ಬರಲ್ಲ ಅಂದ್ರೆ, ಮನೆಮನೆಗೂ ಹೋಗಿ ಬೊಟ್ಟಿಟ್ಟು ಕರೀಬೇಕಾ?"

ಇದು ಆಂಧ್ರದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು. ಮದುವೆ, ನಾಮಕರಣ ಏನೇ ಇರಲಿ, ಮನೆಯ ಹೆಂಗಸು ಬಂದು ಹಣೆಗೆ ಕುಂಕುಮದ ಬೊಟ್ಟಿಟ್ಟು ಕರೆದರೇನೇ ಅದು ಕರೆಯುವುದು. ಹಾಗೆ ಕರೆಸಿಕೊಂಡವರು ಹೋಗದೆ ಇರುವಂತಿಲ್ಲ. ಸುಮ್ಮನೆ ಬಾ ಎಂದರೆ ಬಾರದವರನ್ನು ಮೂದಲಿಸಲು ಹೀಗೆ ಕೇಳುತ್ತಾರೆ. ಭಾವ ಬೇಸತ್ತು ಆಡಿದ ಮಾತದು.

ಅಕ್ಕ ಹೂ ಕಟ್ಟುತ್ತಿದ್ದಳು. ಮರುದಿನ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು, ಬೆಳ್ಳಿಯ ಕುಂಕುಮ ಭರಣಿ ಹಿಡಿದು, "ನಡಿಯೇ" ಅಂದಳು.

ಪ್ರತಿ ಮಹಡಿ, ಪ್ರತಿ ಬಾಗಿಲು! ಬೆಲ್ ಒತ್ತುವುದು, ಹಣೆಗೆ ಬೊಟ್ಟು, "ಶುಕ್ರವಾರ ಸಾಯಂಕಾಲ ನಮ್ಮ ಲೈಬ್ರರಿಗೆ ತಪ್ಪದೆ ಬರಬೇಕು" ಎಂದು ತೆಲುಗಿನಲ್ಲಿ ಕೇಳಿಕೊಳ್ಳುವುದು. ಬೊಟ್ಟಿಡದ ಮನೆಯವರಿಗೆ ಒಂದು ಮೊಳ ಮಲ್ಲಿಗೆ. ಏನು ವಿಶೇಷ ಎಂದು ಕೇಳಿದವರಿಗೆ, "ಏನಿಲ್ಲ, ಪುಸ್ತಕಗಳಿವೆ" ಎನ್ನುತ್ತಿದ್ದಳು. ಅವರಿಗೆ ನಂಬಿಕೆಯಾಗಬೇಕಲ್ಲ!

ಶುಕ್ರವಾರ ಸಾಯಂಕಾಲ ಲಿಫ್ಟಿನಿಂದ ರೇಷ್ಮೆ ಸೀರೆಗಳು ಇಳಿಯತೊಡಗಿದವು. ಭಾವನಿಗೆ ನಾವು ಹೇಳಿಯೇ ಇರಲಿಲ್ಲ. ಬಾಗಿಲಲ್ಲಿ ಜರತಾರಿ ಅಂಚುಗಳ ದಂಡು ಕಂಡು ಅವರು ಅಡ್ಮಿರಲ್ ಬಂದ ಹಾಗೆ ಎದ್ದು ಸೆಟೆದು ನಿಂತುಬಿಟ್ಟರು. ಬಂದವರೆಲ್ಲ ನೆಲದ ಮೇಲೆ ಸಾಲಾಗಿ ಕೂತು, ಸುತ್ತ ನೋಡಿ, "ಪೂಜ ಎಕ್ಕಡಂಡಿ?" ಎಂದರು. ಪೂಜೆ ಎಲ್ಲಿ ಎಂದು ಕೇಳಿದರೆ ಭಾವ ಏನು ಹೇಳಬೇಕು? ಕೈ ಎತ್ತಿ ಕಪಾಟು ತೋರಿಸಿದರು. ಪಾಪ, ಒಬ್ಬಾಕೆ ಎದ್ದು ಕಪಾಟಿಗೆ ನಮಸ್ಕಾರ ಮಾಡಿದರು! ಆಮೇಲೆ ಆಕೆಯೇ ಒಂದು ಪುಸ್ತಕ ತೆಗೆದು ತಿರುವಿದರು. 'ಅಳಿಸುವ ಪುಸ್ತಕ'ಕ್ಕೆ ಕ್ಷಣದಲ್ಲಿ ನೂಕುನುಗ್ಗಲು.

ಅಷ್ಟರಲ್ಲಿ ಅಕ್ಕ ಬಾಗಿಲಾಚೆಯಿಂದಲೇ ವೀಳ್ಯ, ಬಾಳೆಹಣ್ಣು, ನೆನೆಸಿದ ಕಡಲೆಯ ಪೊಟ್ಟಣಗಳನ್ನು ನನ್ನ ಕೈಲಿ ಒಳಗೆ ಕಳಿಸತೊಡಗಿದಳು. ಕಡಲೆ! ಲೈಬ್ರರಿಯೊಳಗೆ! ಭಾವ ಕಡಲೆ ನೋಡಿದರು, ತಮ್ಮ ಬೋರ್ಡ್ ನೋಡಿದರು. ಮೆಲ್ಲಗೆ ಹೋಗಿ ಅದನ್ನು ಮೊಳೆಯಿಂದ ಇಳಿಸಿ, ಗೋಡೆಗೆ ಮುಖ ಮಾಡಿ ಇಟ್ಟರು.

ಆಗಲೇ ಸೆಕ್ರೆಟರಿ ಬಂದರು, ಜಿಮ್ಮಿಗೆ ಜಾಗ ಅಳೆಯಲು. ಹೊಸ್ತಿಲಲ್ಲೇ ನಿಂತು ಗಟ್ಟಿಯಾಗಿ "ಏನಿದು?" ಅಂದರು. ಒಳಗಿಂದ ಅವರ ಹೆಂಡತಿಯೇ ಪುಸ್ತಕದಿಂದ ತಲೆ ಎತ್ತದೆ, "ಏಮಂಡೀ, ಮೆಲ್ಲಗಾ! ಇದಿ ಲೈಬ್ರರಿ!" ಎಂದು ಗದರಿದರು. ಸೆಕ್ರೆಟರಿ ಚಪ್ಪಲಿ ಬಿಟ್ಟು ಒಳಗೆ ಬಂದು ಕಡಲೆ ತಿಂದರು. ಜಿಮ್ಮಿನ ಮಾತು ಮತ್ತೆ ಎತ್ತಲಿಲ್ಲ.

ಎಲ್ಲರೂ ಒಂದೊಂದು ಪುಸ್ತಕ ಹಿಡಿದು ಹೋದ ಮೇಲೆ ಭಾವ ಒಳಗೆ ಕಪಾಟು ಸರಿಮಾಡುತ್ತಿದ್ದರು. ಆ ಮುಖದಲ್ಲಿ ಅಂಥ ಸಂತೋಷವನ್ನು ನಾನು ಕಂಡಿರಲಿಲ್ಲ. ಎಂದಿನಂತೆ ಹೊರಗಿನಿಂದ ದನಿ ಬಂತು: "ರೀ, ಕಾಫಿ!"

"ಒಳಗೇ ತಗೊಂಡು ಬರಬಹುದಲ್ಲ. ಬೋರ್ಡ್ ತೆಗೆದಿದ್ದೀನಿ."

ಅಕ್ಕ ಒಂದು ಕೈಲಿ ಫ್ಲಾಸ್ಕ್, ಇನ್ನೊಂದರಲ್ಲಿ ಕುಂಕುಮದ ಭರಣಿ ಹಿಡಿದು ಹೊಸ್ತಿಲ ಆಚೆಯೇ ನಿಂತಿದ್ದಳು. "ಎಲ್ಲರನ್ನೂ ನಾನು ಕರೆದೆ. ನನ್ನನ್ನ ಯಾರ್ರೀ ಕರೆದ್ರು?"

ನಗುತ್ತಲೇ ಅಂದಳು. ಆದರೆ ಒಂದು ಹೆಜ್ಜೆಯೂ ಮುಂದಿಡಲಿಲ್ಲ. ನನಗೆ ಥಟ್ಟನೆ ಹೊಳೆಯಿತು: ಆ ಲೈಬ್ರರಿ ಶುರುವಾದ ದಿನದಿಂದ ಅವಳು ಒಳಗೆ ಕಾಲಿಟ್ಟೇ ಇರಲಿಲ್ಲ. ಕನ್ನಡ ಪುಸ್ತಕಗಳ ಆ ಅಡ್ಡಹಲಗೆಯನ್ನು ದಿನಾ ಹೊರಗಿನಿಂದಲೇ ನೋಡಿ ಹೋಗುತ್ತಿದ್ದಳು.

ಭಾವ ಕೈಲಿದ್ದ ಪುಸ್ತಕ ಕಪಾಟಿನಲ್ಲಿಟ್ಟರು. ಬ್ರಷ್ ಎತ್ತಿಕೊಳ್ಳುತ್ತಾರೇನೋ ಅಂದುಕೊಂಡೆ. ಇಲ್ಲ. ಹೊಸ್ತಿಲವರೆಗೆ ಬಂದು, ಅವಳ ಕೈಯಲ್ಲಿದ್ದ ಭರಣಿಯಲ್ಲಿ ಬೆರಳು ಅದ್ದಿದರು. ಸ್ಕೇಲಿಲ್ಲದೆ ನೆಟ್ಟಗೆ ಗೆರೆ ಎಳೆಯುವ ಕೈ ಅದು! ಆದರೂ ಬೊಟ್ಟು ಹಣೆಯ ಮಧ್ಯಕ್ಕೆ ಬೀಳದೆ ಎಡಹುಬ್ಬಿನ ಕಡೆ ಸೊಟ್ಟಗೆ ಬಿತ್ತು.

"ಬಾ" ಅಂದರು ಭಾವ. ಬಾಯಲ್ಲೇ ಅಂದರು.

ಅಕ್ಕ ಬಲಗಾಲಿಟ್ಟು ಒಳಗೆ ಬಂದಳು. ಆ ಸೊಟ್ಟ ಬೊಟ್ಟನ್ನು ಅವಳು ಅಂದು ಮಲಗುವವರೆಗೂ ಒರೆಸಿಕೊಳ್ಳಲಿಲ್ಲ.