ಏಕಾದಶಿಯ ದಿನ ಕೀಬೋರ್ಡ್ ಬಿಚ್ಚಿದ್ದು

ನಮ್ಮ ತಾಲ್ಲೂಕು ಕಚೇರಿಯಲ್ಲಿ ನಾನು ಬಿಚ್ಚಿ ಕಟ್ಟದ ಫೈಲಿಲ್ಲ. ಅಂಥವನಿಗೆ ಒಂದು ಲ್ಯಾಪ್‌ಟಾಪ್ ಯಾವ ಲೆಕ್ಕ? ಹಾಸನದ ಕಂಪ್ಯೂಟರ್ ಅಂಗಡಿಯ ಪದ್ಮಕುಮಾರ್, "ಅರ್ಧ ಗಂಟೆ ಕೂತ್ಕಳಿ ಸಾ, ಕೀಬೋರ್ಡ್ ನಾನೇ ಆಕ್ಕೊಡ್ತೀನಿ" ಅಂದ. "ನೀನು ಹುಟ್ಟೋ ಮುಂಚೆ ರೇಡಿಯೋ ಬಿಚ್ಚಿದೋನು ಕಣಯ್ಯ ನಾನು" ಎಂದು ಹೊಸ ಕೀಬೋರ್ಡ್ ಹಿಡಿದು ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಆ ರೇಡಿಯೋ ಮತ್ತೆಂದೂ ಹಾಡಲಿಲ್ಲ ಎಂಬುದನ್ನು ಅವನಿಗೆ ಹೇಳಲಿಲ್ಲ.

ಲ್ಯಾಪ್‌ಟಾಪ್ ನನ್ನ ಹೆಂಡತಿ ಕನಕಲಕ್ಷ್ಮಿಯದು. ಹೈಸ್ಕೂಲಿನ ವಿಜ್ಞಾನದ ಮೇಡಂ ಆಕೆ. 'ಕ' ಅಕ್ಷರದ ಕೀಲಿ ಸತ್ತುಹೋಗಿ, ತನ್ನ ಹೆಸರನ್ನೇ ಟೈಪ್ ಮಾಡಲಾಗದ ದುರವಸ್ಥೆ.

"ರೀ, ಸಂಜೆ ಐದಕ್ಕೆ ಹೆಡ್‌ಮಾಸ್ಟರ್ ಪ್ರಶ್ನೆಪತ್ರಿಕೆಗೆ ಬರ್ತಾರೆ. ಇನ್ನೂ ಒಂದು ಪುಟ ಬಾಕಿ ಇದೆ. ಇಲ್ಲ ಅಂದ್ರೆ ನನ್ನ ಮರ್ಯಾದೆ ಹೋಗತ್ತೆ."

"ಮೂರಕ್ಕೆ ಕೈಗಿಡ್ತೀನಿ. ನಿನ್ನ ಕನ್ನಡಕ ಕೊಡು, ಸ್ಕ್ರೂ ಕಾಣಿಸ್ತಿಲ್ಲ."

ಒಟ್ಟು ಹನ್ನೊಂದು ಸ್ಕ್ರೂ, ಒಂದೊಂದೂ ಸಾಸಿವೆಯಷ್ಟೇ. ಇಡಲು ಪಾತ್ರೆ ಬೇಕಲ್ಲ? ಅಡುಗೆಮನೆಯಲ್ಲಿ ತೊಳೆದಿಟ್ಟ ಒಗ್ಗರಣೆ ಡಬ್ಬಿ ಕಂಡಿತು. ಅಂದು ಭಾನುವಾರ, ಏಕಾದಶಿ. ಉಪವಾಸದ ಮನೆಯಲ್ಲಿ ಒಗ್ಗರಣೆಗೂ ರಜೆ ಎಂದು ತರ್ಕಿಸಿ, ಉದ್ದನೆಯವನ್ನು ಜೀರಿಗೆ ಬಟ್ಟಲಿಗೂ ಗಿಡ್ಡನೆಯವನ್ನು ಸಾಸಿವೆ ಬಟ್ಟಲಿಗೂ ಹಾಕಿ, ಮುಚ್ಚಳ ಮುಚ್ಚಿ ಅಲ್ಲೇ ಇಟ್ಟೆ. ಏಕಾದಶಿಯ ಫಲಾಹಾರವೆಂದರೆ ನಮ್ಮಲ್ಲಿ ಉಪ್ಪಿಟ್ಟು ಎಂಬ ಸತ್ಯ, ಅದನ್ನು ವರ್ಷಕ್ಕೆ ಇಪ್ಪತ್ನಾಲ್ಕು ಸಲ ತಿನ್ನುವ ನನಗೇ ಮರೆತುಹೋಗಿತ್ತು.

ಕೋಣೆಯಲ್ಲಿ ಕೂತು ಹೊಸ ಕೀಬೋರ್ಡಿನ ತೆಳು ತಂತಿಪಟ್ಟಿಯನ್ನು ಲ್ಯಾಪ್‌ಟಾಪಿನೊಳಗಿನ ಸಂದಿಗೆ ತೂರಿಸುವಷ್ಟರಲ್ಲಿ ನಾಲ್ಕು ಹೊಡೆಯಿತು. ಸ್ಕ್ರೂ ತರಲು ಹೋದರೆ ಡಬ್ಬಿಯ ತುಂಬ ಸಾಸಿವೆ, ಜೀರಿಗೆ! ಹೆಡ್‌ಮಾಸ್ಟರ್ ಚನ್ನಬಸವಯ್ಯನವರು ಒಂದೂವರೆ ಗಂಟೆ ಮುಂಚೆಯೇ ಬಂದಿದ್ದರಂತೆ. ಇವಳು ಗಡಿಬಿಡಿಯಲ್ಲಿ ಡಬ್ಬಿ ತುಂಬಿಸಿ ಉಪ್ಪಿಟ್ಟಿಗೆ ಒಗ್ಗರಣೆ ಹಾಕಿದ್ದಳು. ಕನ್ನಡಕ ನನ್ನ ಮೂಗಿನ ಮೇಲಿತ್ತು.

ನಡುಮನೆಯಿಂದ 'ಟಕ್' ಎಂಬ ಸದ್ದು ಕೇಳಿಸಿತು.

"ಮೇಡಂ, ಈ ಸಾಸ್ವೆ ಶ್ಯಾನೆ ಗಟ್ಟಿ ಐತೆ" ಎಂದು ಚನ್ನಬಸವಯ್ಯನವರು ಬಾಯಿಂದ ತೆಗೆದದ್ದನ್ನು ಬೆಳಕಿಗೆ ಹಿಡಿದರು.

"ಅಯ್ಯೋ ಸಾರ್, ನುಂಗಬೇಡಿ, ಅದು ಲ್ಯಾಪ್‌ಟಾಪಿಂದು!" ಎಂದು ನಾನು ಓಡಿದೆ.

ಕನಕಲಕ್ಷ್ಮಿ ನನ್ನನ್ನು ನೋಡಿದಳು. ಬೈದಿದ್ದರೆ ವಾಸಿಯಿತ್ತು. ಒಳಗೆ ಹೋಗಿ ಪ್ರಯೋಗದ ಪೆಟ್ಟಿಗೆಯಿಂದ ಅಯಸ್ಕಾಂತ ತಂದು ನನ್ನ ಕೈಗಿಟ್ಟಳು. ಮೊದಲು ಡಬ್ಬಿ, ಆಮೇಲೆ ಬಾಣಲೆ, ಕೊನೆಗೆ ಹೆಡ್‌ಮಾಸ್ಟರರ ತಟ್ಟೆ. ಅವರು ನೋಡುತ್ತಿರುವಾಗಲೇ ಅವರ ಉಪ್ಪಿಟ್ಟಿನ ಮೇಲೆ ಅಯಸ್ಕಾಂತ ಆಡಿಸಿದೆ. ನಾಚಿಕೆಯಿಂದ ಸತ್ತೇಹೋದೆ. ಹನ್ನೊಂದೂ ಸಿಕ್ಕವು.

ಇಂಗಿನ ಘಮದೊಂದಿಗೆ ಲ್ಯಾಪ್‌ಟಾಪ್ ಮುಚ್ಚಿಕೊಂಡಿತು. 'ಕ'ಕ್ಕೆ ಜೀವ ಬಂತು. ಕನ್ನಡಕ ಕಿತ್ತುಕೊಂಡು ಇವಳು ಟೈಪಿಸಿದಳು. ಐದಕ್ಕೆ ಪತ್ರಿಕೆ ಸಿದ್ಧ. ಚನ್ನಬಸವಯ್ಯನವರು ಕೊನೆಯ ಪ್ರಶ್ನೆಯನ್ನು ಗಟ್ಟಿಯಾಗಿ ಓದಿದರು:

"ಸಾಸಿವೆಯಲ್ಲಿ ಬೆರೆತ ಕಬ್ಬಿಣದ ಚೂರುಗಳನ್ನು ಬೇರ್ಪಡಿಸುವ ವಿಧಾನವನ್ನು ವಿವರಿಸಿ. ಎರಡು ಅಂಕ."

ನಂತರ ನನ್ನ ಕಡೆ ತಿರುಗಿ ಸಮಾಧಾನವಾಗಿ ಹೇಳಿದರು:

"ಪರೀಕ್ಷೆ ಮುಗಿಯೋಗಂಟ ನಮ್ಮ ಮಕ್ಳ ಕಣ್ಣಿಗೆ ಬೀಳ್ಬ್ಯಾಡಿ ಸಾ. ಉತ್ತರ ನೀವೇ."