ರಸ್ತೆ ಬಂದ ಮೇಲೆ ನಮ್ಮ ಭದ್ರತಾ ಸಮಿತಿ

ಪತ್ರಿಕೆಯಲ್ಲಿ ಹೊಸ ಹೆದ್ದಾರಿ, ಹೊಸ ಬಂದರು ಎಂಬ ಸುದ್ದಿ ಕಂಡರೆ ಸಾಕು, ನನಗೆ ಎಲ್ಲಿಲ್ಲದ ಉಮೇದು. ವೈರಿಗಳಿಗೆ ಹೆದರಿ ಒಕ್ಕೂಟ ಕಟ್ಟಿಕೊಂಡ ದೇಶಗಳು, ನಡುವೆ ಒಂದು ರಸ್ತೆ ಬಿದ್ದೊಡನೆ ವೈರಿಯನ್ನು ಬಿಟ್ಟು ಸರಕಿನ ಮಾತಿಗೆ ಕೂರುತ್ತವಂತೆ. ಅದಕ್ಕೆ 'ಪ್ರಾದೇಶಿಕ ಸಹಕಾರ' ಎಂದು ಹೆಸರಂತೆ. ಓದುತ್ತ ಓದುತ್ತ ಚಹಾ ಆರಿಹೋಗುತ್ತದೆ. ಮನೆಯವರು ನಗುತ್ತಾರೆ. ನಗಲಿ, ಇದೆಲ್ಲ ಪುಣೆಯ ಮಾರ್ಕೆಟ್ ಯಾರ್ಡಿನ ಹಿಂದೆ ನನ್ನ ಕಣ್ಣೆದುರೇ ನಡೆದದ್ದು!

ತೊಂಬತ್ತರ ದಶಕದಲ್ಲಿ ನಾನು ವಿಜಾಪುರ ಕಡೆಯ ಶಿವಪ್ಪ ಸಾವಕಾರರ ಬೆಲ್ಲದ ಅಂಗಡಿಯಲ್ಲಿ ಗುಮಾಸ್ತ. ಬೆಲ್ಲದವರ ಓಣಿಗೂ ಪಕ್ಕದ ಈರುಳ್ಳಿಯವರ ಓಣಿಗೂ ಕಳ್ಳರ ಕಾಟ. ಹಾಗಾಗಿ ಶಿವಪ್ಪನವರೂ ಈರುಳ್ಳಿ ವ್ಯಾಪಾರಿ ಜಗತಾಪರೂ ಸೇರಿ ಸಂಯುಕ್ತ ಭದ್ರತಾ ಸಮಿತಿ ಕಟ್ಟಿದರು. ಅದಕ್ಕೊಂದು ತಗಡಿನ ಕೋಣೆ, ಎರಡು ಲಾಠಿ, ಅಧ್ಯಕ್ಷರು ಅವರಿಬ್ಬರೂ; ಕೋಣೆಯಲ್ಲಿ ಕೂರುವ ಕಾರ್ಯದರ್ಶಿ ನಾನು.

ಆಮೇಲೆ ಎರಡೂ ಓಣಿ ಕೂಡಿಸುವ ಕಾಂಕ್ರೀಟ್ ರಸ್ತೆ ಬಂತು. ಇಂದಾಪುರದ ಬೆಲ್ಲದ ಲಾರಿ ನೇರ ಬಾಗಿಲಿಗೇ! ನಾನು ಕುಣಿದಾಡಿದೆ. ಹೊತ್ತಲ್ಲದ ಹೊತ್ತಿನಲ್ಲೂ ಹಮಾಲರ ಓಡಾಟ. ಕಳ್ಳರಿಗೆ ಕಾಲಿಡಲು ಜಾಗವಿಲ್ಲ. ಆದರೆ ಕಳ್ಳರ ವಿಷಯದಲ್ಲಿ ಒಂದೇ ಮಾತಾಡುತ್ತಿದ್ದ ಸಮಿತಿ, ಲಾರಿಗಳ ವಿಷಯದಲ್ಲಿ ಎರಡಾಯಿತು. ಒಂದು ಬೆಳಿಗ್ಗೆ ಒಳಬರುವ ಬೆಲ್ಲದ ಲಾರಿ, ಹೊರಹೋಗುವ ಈರುಳ್ಳಿ ಲಾರಿ ಮುಖಾಮುಖಿ ನಿಂತವು. ರಸ್ತೆಯ ಕೊನೆಗೆ ಗೋಡೆ, ಹೊರದಾರಿ ಇಲ್ಲ.

"ಹಿಂದಕ್ಕ ತಗೋರಿ!" ಎಂದರು ಶಿವಪ್ಪನವರು. ಜಗತಾಪರು ಮರಾಠಿಯಲ್ಲಿ ಅದನ್ನೇ ಹೇಳಿದರು, ಇನ್ನೂ ಜೋರಾಗಿ.

"ಇವತ್ತಿಗೆ ಮುಗೀತ್ರಿ ನಿಮ್ಮ ಸಮಿತಿ!" ಎಂದು ಶಿವಪ್ಪನವರು ಸಿಡಿದರು.

ಇಷ್ಟು ವರ್ಷದ ಸ್ನೇಹ ಬಿಸಿಲಲ್ಲಿ ಬೆಲ್ಲದ ಜೊತೆ ಬೆವರುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ಸಾವಕಾರ್ರ, ಆ ಗ್ವಾಡಿ ನಮ್ದ ಅದರೀ! ಒಡದ್ರ ದೊಡ್ಡ ರಸ್ತಾ ಸಿಗ್ತದ. ಈ ಕಡೆ ಬರೂದು, ಆ ಕಡೆ ಹೋಗೂದು!" ಎಂದು ಕೂಗಿದೆ. ಮರಾಠಿಯಲ್ಲೂ ಕೂಗಿದೆ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಜಗತಾಪರು ಮೊದಲು ನಕ್ಕರು. ಶಿವಪ್ಪನವರು "ಭಾಳ ಶಾಣ್ಯಾ ಅದಾನ್ರೀ ನಮ್ಮ ಸೆಕ್ರೆಟರಿ" ಎಂದು ಬೆನ್ನು ತಟ್ಟಿದರು. ಹಮಾಲರು ಹಾರೆ ತಂದೇಬಿಟ್ಟರು. ನನ್ನ ಕೋಣೆ ಆ ಗೋಡೆಗೇ ಆನಿಸಿ ಕಟ್ಟಿದ್ದು ಎಂಬುದು ನನಗೆ ಹೊಳೆದದ್ದು, ಅದರ ತಗಡು ಕೆಳಗಿಳಿದ ಮೇಲೆ.

ಸಮಿತಿಯ ಹೆಸರು 'ಸಾರಿಗೆ ಸಹಕಾರ ಸಮಿತಿ' ಎಂದಾಯಿತು. ಅಧ್ಯಕ್ಷರಿಬ್ಬರೂ ನೆರಳಲ್ಲಿ ಒಂದೇ ಬಾಕಿನ ಮೇಲೆ ಕೂತು ಚಹಾ ಕುಡಿದರು. ಕೋಣೆಯಿಲ್ಲದ ಕಾರ್ಯದರ್ಶಿ ನಡುರಸ್ತೆಯಲ್ಲಿ ನಿಂತು ಲಾರಿಗಳಿಗೆ ಕೈ ಬೀಸತೊಡಗಿದ. ಊಟದ ಡಬ್ಬಿ ತಂದ ಹೆಂಡತಿ, "ಇದೇನ್ರೀ, ಯಾವಾಗ ಪೊಲೀಸ್ ಆದ್ರಿ?" ಎಂದಳು.

"ಪ್ರಾದೇಶಿಕ ಸಹಕಾರ!" ಎಂದೆ, ಎದೆಯುಬ್ಬಿಸಿ. ಹಿಂದಿನಿಂದ ಲಾರಿಯ ಹಾರ್ನ್ ಕಿವಿಗಡಚಿಕ್ಕಿತು. ಉಬ್ಬಿಸಿದ ಎದೆಯೊಂದಿಗೇ ಚರಂಡಿ ಹಾರಿದೆ.