ರೇಡಿಯೇಟರ್ ಸೋರುತ್ತದೆಯೇ ಎಂದು ನೋಡಿದ್ದು

ರೇಡಿಯೇಟರ್ ರಿಪೇರಿ ಮಾಡುವವನ ಮಗನಾಗಿ ಹುಟ್ಟಿದ ಮೇಲೆ ಆ ಕೆಲಸವೂ ರಕ್ತದಲ್ಲೇ ಬಂದಿರುತ್ತದೆ ಎಂಬ ಭ್ರಮೆಯನ್ನು ನಾನು ಬಹಳ ವರ್ಷ ಸಾಕಿಕೊಂಡು ಬಂದಿದ್ದೆ. ಅದು ಕಳಚಿದ್ದು ಈ ಬೇಸಿಗೆಯಲ್ಲಿ, ಹೆತ್ತ ತಾಯಿಯ ಎದುರಿಗೇ.

ವಿಜಯಪುರದಲ್ಲಿ, ಗೋಳಗುಮ್ಮಟದ ಹತ್ತಿರದ ಓಣಿಯೊಂದರಲ್ಲಿ, ಮನೆಯ ಮುಂದಿನ ಕೋಣೆಯಲ್ಲೇ ಕೂತು ನಾನು ಮದುವೆ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಏಪ್ರಿಲ್ ಬಂತೆಂದರೆ ನಮ್ಮಲ್ಲಿ ಮದುವೆಯೂ ಹೆಚ್ಚು, ಬಿಸಿಲೂ ಹೆಚ್ಚು. ಸರಿಯಾಗಿ ವಧುವರರ ಮೇಲೆ ಅಕ್ಕಿಕಾಳು ಬೀಳುವ ದೃಶ್ಯಕ್ಕೆ ಬಂದಾಗ ಕಂಪ್ಯೂಟರ್ ಕಾದು ಬಂದ್ ಆಗುತ್ತಿತ್ತು. ಬಬಲೇಶ್ವರದ ಗಿರಾಕಿ ಒಬ್ಬರು ಮೂರನೆಯ ಸಲ ಬಂದವರು, "ಇನ್ನೂ ನಮ್ಮ ಹುಡುಗಿ ಕೊಳ್ಳಾಗ ತಾಳಿ ಬಿದ್ದಿಲ್ಲೇನ್ರಿ?" ಎಂದು ಸಮಾಧಾನದಿಂದಲೇ ಕೇಳಿದರು. ಅಂದೇ ಕಂಪ್ಯೂಟರನ್ನು ನೀರಿನಿಂದ ತಂಪು ಮಾಡುವ ಸಾಮಾನು ತರಿಸಿದೆ. ಒಂದು ಸಣ್ಣ ಪಂಪು, ನಾಲ್ಕು ಕೊಳವೆ, ಸಾಲೆ ಹುಡುಗರ ಪಾಟಿಯಷ್ಟು ಅಗಲದ ಒಂದು ರೇಡಿಯೇಟರ್. ಹೆಂಡತಿ ಅದನ್ನು ನೋಡಿ, "ಕರೆಂಟಿನ ಪೆಟಗಿಯೊಳಗ ನೀರ ಬಿಡತೀರೇನ್ರಿ? ಆ ಹುಡುಗಿ ತಾಳಿ ಹೆಂಗರ ಆಗಲಿ, ನನ್ನ ತಾಳಿ ಗತಿ ಏನು?" ಎಂದಳು.

ಕೂಡಿಸುವ ಮೊದಲು ಅದು ಸೋರುತ್ತದೆಯೇ ನೋಡಬೇಕು. ನನಗೆ ನಾನು ಬೆಳೆದ ತಿಕೋಟಾ ನೆನಪಾಯಿತು. ಅಲ್ಲಿ ಅಪ್ಪನ ತಗಡಿನ ಶೆಡ್ಡು, ಅದರ ಮುಂದೊಂದು ಸಿಮೆಂಟಿನ ತೊಟ್ಟಿ. ದ್ರಾಕ್ಷಿ ತೋಟದವರು ಟ್ರ್ಯಾಕ್ಟರಿನ ರೇಡಿಯೇಟರ್ ಬಿಚ್ಚಿ ತಂದರೆ, ಅಪ್ಪ ಅದರ ಒಂದು ಬಾಯಿ ಮುಚ್ಚಿ, ಇನ್ನೊಂದಕ್ಕೆ ಗಾಳಿ ಪಂಪು ಹಚ್ಚಿ, ನೀರಲ್ಲಿ ಮುಳುಗಿಸುತ್ತಿದ್ದ. ಗುಳ್ಳೆ ಎದ್ದ ಕಡೆ ಬೆಸುಗೆ. ಬೆಸುಗೆಯ ಹೊಗೆ, ತೊಟ್ಟಿಯ ತಂಪು, ಪಕ್ಕದಲ್ಲಿ ಒಣಗುತ್ತಿದ್ದ ಮನೂಕ ದ್ರಾಕ್ಷಿಯ ಸಿಹಿ ವಾಸನೆ, ಎಲ್ಲ ಸೇರಿ ಇವತ್ತಿಗೂ ನನ್ನ ಮೂಗಿನಲ್ಲಿವೆ. ದಿನಾ ಸಾಲೆ ಬಿಟ್ಟೊಡನೆ ಮನೆಗೆ ಹೋಗದೆ ಅಲ್ಲೇ ಕೂತು ಗುಳ್ಳೆ ನೋಡುತ್ತಿದ್ದೆ. ಅಪ್ಪ ಹೋಗಿ ಎಂಟು ವರ್ಷವಾಯಿತು.

ಬಚ್ಚಲಲ್ಲಿ ಬಕೆಟ್ ತುಂಬಿಸಿ, ಸೈಕಲ್ ಪಂಪು ಹಚ್ಚಿ, ಹೊಸ ರೇಡಿಯೇಟರನ್ನು ಮುಳುಗಿಸಿದೆ. ಮೈತುಂಬ ಗುಳ್ಳೆ ಎದ್ದವು. ಜರಡಿ ಮಾರಿದ್ದಾನೆ ಎಂದು ಅಂಗಡಿಯವನಿಗೆ ಬೈಯತೊಡಗಿದೆ. ಸದ್ದು ಕೇಳಿ ಅವ್ವ ಬಂದು ಬಾಗಿಲಲ್ಲಿ ನಿಂತಳು.

"ಗಾಬರಿ ಆಗಬ್ಯಾಡೋ ತಮ್ಮಾ. ಅದು ಪದರಿನ್ಯಾಗ ಸಿಕ್ಕೊಂಡಿದ್ದ ಗಾಳಿ. ಎತ್ತಿ ಝಾಡಿಸಿ ಮತ್ತ ಮುಳುಗಿಸು. ಒಂದ ಜಾಗಾದಿಂದ ಬಿಡಲಾರದ ಬರ್ತಾವಲ್ಲ, ಅವು ಖರೇ ಗುಳ್ಳಿ."

ಹಾಗೇ ಮಾಡಿದೆ. ಕೊಳವೆ ಸೇರುವ ಬಾಯಲ್ಲಿ ಮಾತ್ರ ಸಣ್ಣ ಗುಳ್ಳೆಗಳ ಒಂದು ಸಾಲು ಉಳಿಯಿತು. ಅಲ್ಲಿಗೆ ಹಾಕಬೇಕಿದ್ದ ರಬ್ಬರಿನ ಬಳೆ ಡಬ್ಬಿಯಲ್ಲೇ ಉಳಿದಿತ್ತು. ಮರೆತವನು ಅಂಗಡಿಯವನಲ್ಲ, ನಾನು.

"ಯವ್ವಾ, ನಿನಗ ಇದೆಲ್ಲ ಹೆಂಗ ಗೊತ್ತು?"

"ನಿಮ್ಮಪ್ಪ ಗಾಳಿ ಹಾಕತಿದ್ರು. ಅವರಿಗೆ ಹತ್ತಿರದ್ದು ಕಾಣತಿರಲಿಲ್ಲ. ಗುಳ್ಳಿ ಹುಡುಕಿ ಗುರುತಿಗೆ ಸುಣ್ಣ ಹಚ್ಚಾಕಿ ನಾನ. ನೀ ಅಲ್ಲೇ ಇರ್ತಿದ್ದೆಲ್ಲ, ನೋಡಿಲ್ಲೇನು?"

ನೋಡಿದ್ದೆ. ಸೆರಗು ಸೊಂಟಕ್ಕೆ ಕಟ್ಟಿ ತೊಟ್ಟಿಯ ಅಂಚಿಗೆ ಕೂತ ಅವ್ವ ಪ್ರತಿ ನೆನಪಿನಲ್ಲೂ ಇದ್ದಳು. ನನಗೆ ಊಟ ತಂದು ಕೂತಿದ್ದಾಳೆ ಎಂದೇ ಇಷ್ಟು ವರ್ಷ ತಿಳಿದಿದ್ದೆ.

ಬಳೆ ಹಾಕಿದ ಮೇಲೆ ಗುಳ್ಳೆ ನಿಂತವು. ಎಲ್ಲ ಕೂಡಿಸಿ, ಪ್ರತಿ ಜೋಡಣೆಯ ಕೆಳಗೂ ತೆಳು ಕಾಗದ ಹಾಸಿ, ಅದು ಹಾರದಿರಲೆಂದು ಫ್ಯಾನು ಆರಿಸಿ, ಬರೀ ಪಂಪನ್ನು ಚಾಲೂ ಮಾಡಿದೆ. ಬಗ್ಗಿ ಕೂತು ಕಾದೆ. ಅರ್ಧ ಗಂಟೆಗೆ ಕಾಗದದ ಮೇಲೆ ಒಂದು ಹನಿ. ನೋಡುತ್ತಿದ್ದಂತೆ ಇನ್ನೊಂದು. ಪಂಪು ಆರಿಸಿ ಎಲ್ಲ ಬಿಚ್ಚಲು ಹೊರಟೆ. ಅವ್ವ ಕೈ ತಡೆದು, ಕೊಳವೆಗಳ ಮೇಲೆಲ್ಲ ಬೆರಳಾಡಿಸಿ ನೋಡಿದಳು. ಎಲ್ಲ ಒಣ. ಆಮೇಲೆ ನನ್ನ ಮುಖ ನೋಡಿದಳು.

"ಅದು ನಿನ್ನ ಬೆವರು. ಮೂಗಿನ ತುದಿಂದ ಬೀಳಾಕತ್ತೇತಿ. ಅತ್ಲಾಗ ಸರಿ," ಎಂದು ಕಾಗದ ಬದಲಿಸಿ, ಪಂಪು ಮತ್ತೆ ಚಾಲೂ ಮಾಡಿಸಿ, ತಾನೇ ಕಾವಲು ಕೂತಳು. ಕಾಗದ ಒಣದಾಗಿಯೇ ಉಳಿಯಿತು.

ನಾಲ್ಕು ದಿನಕ್ಕೆ ಬಬಲೇಶ್ವರದವರ ವಿಡಿಯೋ ಮುಗಿಯಿತು. ಒಯ್ಯಲು ಬಂದವರು ಕಂಪ್ಯೂಟರ್ ಪೆಟ್ಟಿಗೆಯ ಗಾಜಿನ ಹಿಂದೆ ನೀರು ಹರಿಯುವುದನ್ನು ನೋಡಿ, "ಇದನ್ನೆಲ್ಲ ನೀವ ಕೂಡಿಸಿದ್ರೇನ್ರಿ?" ಎಂದು ಬೆರಗಾಗಿ ಕೇಳಿದರು. ಹೌದೆನ್ನಲು ಬಾಯಿ ತೆರೆದೆ. ಒಳಗೆ ಅವ್ವ ಕೆಮ್ಮಿದಳು.

"ನಾ ಬರೇ ಗಾಳಿ ಹಾಕೀನ್ರಿ," ಎಂದೆ.